ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ: ಯಾವ ಸಂಖ್ಯೆ ಕೊಟ್ಟರೂ ಉತ್ತರ 0 ಬರ್ತಿದೆ

ಪ್ರಶ್ನೆ:
ಸೆನ್ಸರ್‌ನ ರೀಡಿಂಗ್‌ಗಳೆಲ್ಲ ಫ್ಯಾರನ್‌ಹೀಟ್‌ನಲ್ಲಿವೆ, ಸೆಲ್ಸಿಯಸ್‌ಗೆ ಬದಲಿಸಬೇಕು. ಸಿ ಭಾಷೆಯಲ್ಲಿ (5/9) * (ಫ್ಯಾ - 32) ಅಂತ ಸೂತ್ರ ಹಾಕಿದ್ದೇನೆ. 77 ಕೊಟ್ಟರೂ 0, 212 ಕೊಟ್ಟರೂ 0. ಇನ್ನೊಂದು ಗೊಂದಲ: ಈ ಸೆನ್ಸರ್‌ನಲ್ಲಿ ±2 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬರಬಹುದು ಅಂತ ಕೈಪಿಡಿಯಲ್ಲಿದೆ. ಅದನ್ನು ಫ್ಯಾರನ್‌ಹೀಟ್‌ಗೆ ಬದಲಿಸಿದರೆ 35.6 ಬರುತ್ತೆ. ಅಷ್ಟೊಂದು ತಪ್ಪು ತೋರಿಸುತ್ತಾ?

ಉತ್ತರ 1:
ಸೂತ್ರ ಸರಿ ಇದೆ, ಭಾಗಾಕಾರ ಕೈಕೊಟ್ಟಿದೆ. ಸಿ, ಜಾವಾಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಉದುರಿಹೋಗುತ್ತೆ. 5/9 ಅಂದರೆ 0.555 ಅಲ್ಲ, 0. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ. 5.0/9.0 ಅಂತ ಬರೆಯಿರಿ, ರೀಡಿಂಗ್ ಅನ್ನೂ ಡಬಲ್ (ದಶಮಾಂಶ ಹಿಡಿದಿಡುವ ಸಂಖ್ಯಾ ಬಗೆ) ಆಗಿಯೇ ಇಟ್ಟುಕೊಳ್ಳಿ. ಪೂರ್ಣಾಂಕದಲ್ಲೇ ಇಟ್ಟು ಮೊದಲು 5ರಿಂದ ಗುಣಿಸಿ ಆಮೇಲೆ 9ರಿಂದ ಭಾಗಿಸಿದರೆ ಸೊನ್ನೆ ಹೋಗುತ್ತೆ ನಿಜ, ಆದರೆ 70ಕ್ಕೂ 21, 71ಕ್ಕೂ 21 ಬರುತ್ತೆ.

ಇದೇ ತಪ್ಪು ತಿರುಗುಮುರುಗಾದಾಗ ಇನ್ನೂ ಅಪಾಯ. 9/5 ಅನ್ನೋದು 1 ಆಗಿಬಿಡುತ್ತೆ. ಆಗ 25 ಸೆಲ್ಸಿಯಸ್‌ಗೆ 77ರ ಬದಲು 57 ಬರುತ್ತೆ. ನೋಡಲು ಸಹಜವಾದ ಸಂಖ್ಯೆ, ಯಾರಿಗೂ ಅನುಮಾನ ಬರಲ್ಲ.

ಪರೀಕ್ಷೆಗೆ 32 ಒಂದನ್ನೇ ನೆಚ್ಚಬೇಡಿ. ನಿಮ್ಮ ಈಗಿನ ತಪ್ಪು ಕೋಡ್ ಕೂಡ 32ಕ್ಕೆ ಸರಿಯಾಗಿ 0 ಕೊಡುತ್ತೆ! 212 ಕೊಟ್ಟರೆ 100, -40 ಕೊಟ್ಟರೆ -40 ಬರಬೇಕು.

ಉತ್ತರ 2:
±2ರ ವಿಷಯ. 32 ಕೂಡಿಸೋದು ಎರಡು ಮಾಪಕಗಳ ಸೊನ್ನೆ ಬೇರೆ ಬೇರೆ ಕಡೆ ಇರೋದರಿಂದ. ನೀರು ಹೆಪ್ಪುಗಟ್ಟುವ ಬಿಂದು ಒಂದರಲ್ಲಿ 0, ಇನ್ನೊಂದರಲ್ಲಿ 32. ಆದರೆ ±2 ಅನ್ನೋದು ತಾಪಮಾನ ಅಲ್ಲ, ಎರಡು ತಾಪಮಾನಗಳ ನಡುವಿನ ಅಂತರ. ಒಂದರಿಂದ ಇನ್ನೊಂದನ್ನು ಕಳೆದಾಗ ಎರಡೂ ಕಡೆಯ 32 ಹೊಡೆದುಹೋಗುತ್ತೆ. ಹಾಗಾಗಿ 1.8ರಿಂದ ಗುಣಿಸಿದರೆ ಸಾಕು: ±3.6 ಫ್ಯಾರನ್‌ಹೀಟ್. ಪರಿವರ್ತಕ ಆ್ಯಪ್‌ಗಳಿಗೆ ಈ ಭೇದ ಗೊತ್ತಾಗಲ್ಲ, ನಾವೇ ನೋಡಿಕೊಳ್ಳಬೇಕು.

"ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಇಷ್ಟು" ಅಂತ ದರ ಕೊಟ್ಟಿದ್ದರೆ ಲೆಕ್ಕ ಉಲ್ಟಾ. ಫ್ಯಾರನ್‌ಹೀಟ್ ಡಿಗ್ರಿ ಚಿಕ್ಕದು, ಹಾಗಾಗಿ 1.8ರಿಂದ ಭಾಗಿಸಬೇಕು.

ಉತ್ತರ 3:
ಕೋಡ್ ಕೊಟ್ಟ ಉತ್ತರವನ್ನು ಬಾಯಿಲೆಕ್ಕದಲ್ಲಿ ತಾಳೆ ನೋಡಲು: ಸೆಲ್ಸಿಯಸ್ ಅನ್ನು ದುಪ್ಪಟ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ, 32 ಕೂಡಿಸಿ. 37ಕ್ಕೆ 74, ಅದರಲ್ಲಿ 7.4 ಕಳೆದರೆ 66.6, ಕೂಡಿಸಿದರೆ 98.6. ಇದು ಅಂದಾಜಲ್ಲ, ನಿಖರ. ದುಪ್ಪಟ್ಟು ಮಾಡಿ 30 ಕೂಡಿಸೋದು ಮಾತ್ರ ಅಂದಾಜು: 10ಕ್ಕೆ ಸರಿಯಾಗಿ 50 ಕೊಡುತ್ತೆ, 40ಕ್ಕೆ 104ರ ಬದಲು 110 ಅನ್ನುತ್ತೆ.

ಪ್ರಶ್ನೆ ಕೇಳಿದವರು:
5.0 ಹಾಕಿದೆ, 77ಕ್ಕೆ 25 ಬಂತು. ಧನ್ಯವಾದ. ಕೆಲ್ವಿನ್ ಕಾಲಮ್ಮೂ ಬೇಕು. ಸೆಲ್ಸಿಯಸ್‌ಗೆ 273 ಕೂಡಿಸಿದರೆ ಸಾಕಾ?

ಉತ್ತರ 2:
273.15 ಕೂಡಿಸಿ. ಕೆಲವು ಕಡೆ ಕಾಣುವ 273.16 ನೀರಿನ ತ್ರಿಕ ಬಿಂದು (ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ತಾಪಮಾನ), ಅದನ್ನು ಇಲ್ಲಿ ಬಳಸಬೇಡಿ. ಕಾಲಮ್ಮಿನ ತಲೆಬರಹದಲ್ಲಿ "ಡಿಗ್ರಿ ಕೆಲ್ವಿನ್" ಬೇಡ, ಬರೀ ಕೆಲ್ವಿನ್; 1967ರಲ್ಲೇ ಡಿಗ್ರಿ ಕೈಬಿಟ್ಟಿದ್ದಾರೆ. ಅನಿಲದ ಒತ್ತಡದಂಥ ಅನುಪಾತದ ಲೆಕ್ಕವಿದ್ದರೆ ಈ ಕಾಲಮ್ಮನ್ನೇ ಬಳಸಿ. 10 ಸೆಲ್ಸಿಯಸ್‌ನಿಂದ 20ಕ್ಕೆ ಏರಿದರೆ ತಾಪ ದುಪ್ಪಟ್ಟಾಗಲ್ಲ. 283.15ರಿಂದ 293.15 ಆಗುತ್ತೆ, ಅಂದರೆ ಶೇ 3.5ರಷ್ಟು ಏರಿಕೆ ಅಷ್ಟೇ.