ಮಿಸ್‌ಫೈರ್, ಬ್ಯಾಕ್‌ಫೈರ್: ಗೋಡೆ ಬರಹಕ್ಕ ಬ್ಯಾರೆ ಬ್ಯಾರೆ ಮಾತು ಬೇಕಾಗ್ಯಾವ

ಕಲಬುರಗಿಯಿಂದ

ಎಲ್ಲರಿಗೂ ಶರಣು. ರಿಂಗ್ ರೋಡಿನ ಒಂದು ಗ್ಯಾರೇಜಿನ ಗೋಡೆ ಮ್ಯಾಲ ಬರೆಸ್ಲಿಕ್ಕೆ ಇಗ್ನಿಷನ್ (ಪೆಟ್ರೋಲಿಗೆ ಕಿಡಿ ಹೊತ್ತಿಸೋ ವ್ಯವಸ್ಥೆ) ದೋಷದ ಪಟ್ಟಿ ಮಾಡ್ಲಿಕತ್ತೀನಿ. ಹಳೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಅಂದ್ರ ಪಾಯಿಂಟ್ (ಕರೆಂಟ್ ಕೂಡಿಸಿ ಕಡಿಯೋ ಸಣ್ಣ ಸ್ವಿಚ್), ಕಂಡೆನ್ಸರ್ (ಅದರ ಮುಖ ಸುಡದಂಗ ಕಾಯೋದು) ಇರೋ ಪೆಟ್ರೋಲ್ ಗಾಡಿಗಳಿಗೆ ಅಷ್ಟ. ಪೇಂಟರ್ ಸಂಜಿ ಐದಕ್ಕ ಬರ್ತಾರ.

ತೊಡಕು ಏನಂದ್ರ, ಒಂದು ಸಿಲಿಂಡರ್ ನಡುನಡುವೆ ಉರೀದೆ ಎಂಜಿನ್ ಜರ್ಕ್ ಹೊಡಿಯೋದು (ಮಿಸ್‌ಫೈರ್), ಕಾರ್ಬುರೇಟರದಾಗ ವಾಪಸ್ ಢಬ್ ಅನ್ನೋದು, ಸೈಲೆನ್ಸರದಾಗ ಢಂ ಅನ್ನೋದು (ಇವೆರಡೂ ಬ್ಯಾಕ್‌ಫೈರ್), ಈ ಮೂರಕ್ಕೂ ಹುಡುಗರು ‘ಮಿಸ್ಸಿಂಗ್’ ಅಂತಾರ. ಮೊದಲನೇದಕ್ಕ ಪ್ಲಗ್, ಪ್ಲಗ್ ವಾಯರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋದು) ಕ್ಯಾಪ್ ನೋಡ್ಬೇಕು. ಎರಡನೇದಕ್ಕ ವಾಯರ್ ಅದಲಿಬದಲಿ ಆಗ್ಯಾವೇನು, ಮಿಕ್ಸ್ಚರ್ ತೆಳು (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ) ಅದೇನು ನೋಡ್ಬೇಕು. ಮೂರನೇದ್ರಾಗ ಉರೀದೆ ಉಳಿದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿರ್ತದ: ಕಿಡಿ ಬಿಟ್ಟು ಬಿಟ್ಟು ಬರ್ಲಿಕತ್ತದ, ಇಲ್ಲಾ ಟೈಮಿಂಗ್ (ಕಿಡಿ ಬರೋ ಸಮಯ) ತಡ ಆಗ್ಯದ. ಮೂರಕ್ಕೂ ಒಂದೇ ಮಾತು ಬರೆದ್ರ ಪಾಯಿಂಟ್ ನೋಡೋ ಕಡೆ ಕಾರ್ಬುರೇಟರ್ ಬಿಚ್ಚಿ ಕೂಡ್ತಾರ. ಮೂರು ಮಾತು ಕೊಡ್ರಿ.

ಬೀದರ್‌ನಿಂದ

ಇಗ್ನಿಷನ್‌ಗೆ ‘ಹೊತ್ತಿಕೆ’. ಮಿಸ್‌ಫೈರ್‌ಗೆ ‘ಹೊತ್ತುತಪ್ಪು’, ಬ್ಯಾಕ್‌ಫೈರ್‌ಗೆ ‘ಹಿನ್ನುರಿ’, ಡಿಸ್ಟ್ರಿಬ್ಯೂಟರ್‌ಗೆ ‘ಕಿಡಿಹಂಚುಕ’. ಹೊತ್ತು ಎಂದರೆ ಉರಿ; ಉರಿಯುವ ಸೂರ್ಯನೂ ಹೊತ್ತು; ಸೂರ್ಯನಿಂದ ಕಾಲಕ್ಕೂ ಅದೇ ಹೆಸರು ಬಂತು. ಒಂದೇ ಬೇರಿನಲ್ಲಿ ಉರಿಯೂ ಸಮಯವೂ ಇರುವಾಗ ಇದಕ್ಕಿಂತ ಒಳ್ಳೆಯ ಪದ ಬೇರೆ ಯಾವುದಿದೆ? ‘ವಾಯರ್ ಅದಲಿಬದಲಿ’, ‘ವಾಪಸ್’ ಇಂಥವನ್ನು ಗೋಡೆಯ ಮೇಲೆ ಬರೆಸಬೇಡಿ.

ರಾಯಚೂರಿನಿಂದ

ಬೇರು ಒಂದಲ್ಲ. ಕಾಲದ ಹೊತ್ತು ಹಳಗನ್ನಡದಲ್ಲಿ ‘ಪೊೞ್ತು’, ತಮಿಳಿನ ‘ಪೊೞುದು’ ಅದರ ಜೊತೆಯದು. ಉರಿಯುವ ಹೊತ್ತು ಬರೀ ‘ಪೊತ್ತು’, ಅದರಲ್ಲಿ ೞಕಾರವೇ ಇಲ್ಲ. ೞ ಬಿದ್ದ ಮೇಲೆ ಎರಡೂ ಒಂದೇ ಥರ ಕಂಡವು, ಅಷ್ಟೇ. ‘ಹಿನ್ನುರಿ’ಯೂ ಒಪ್ಪುವಂಥದ್ದಲ್ಲ. ಹಿನ್ನೆಲೆ, ಹಿನ್ನೀರು, ಹಿನ್ನುಡಿ ಎಲ್ಲದರಲ್ಲೂ ಉತ್ತರಪದ ನಕಾರದಿಂದಲೇ ಶುರುವಾಗುತ್ತದೆ. ಉರಿಗೆ ನಕಾರ ಎಲ್ಲಿಂದ ಬಂತು?

ಬೀದರ್‌ನಿಂದ

ಬೆನ್ನೆಲುಬಿಗೆ ಎಲ್ಲಿಂದ ಬಂತೋ ಅಲ್ಲಿಂದಲೇ. ‘ಹಿನ್’ನ ಹಳೆಯ ರೂಪ ‘ಪಿನ್’ಗೆ ಸ್ವರ ಪರವಾದರೆ ನಕಾರಕ್ಕೆ ದ್ವಿತ್ವ.

ಯಾದಗಿರಿಯಿಂದ

ವ್ಯಾಕರಣ ಆಮ್ಯಾಲ ನೋಡ್ರಿ. ‘ಹೊತ್ತುತಪ್ಪು’ ಬರೆಸೋದು ಬ್ಯಾಡೇ ಬ್ಯಾಡ. ಓದಿದವರು ಟೈಮಿಂಗ್ ತಪ್ಪ್ಯದ ಅಂತ ತಿಳ್ಕೊಂಡು ಕ್ಲ್ಯಾಂಪ್ ಸಡಿಲ ಮಾಡಿ ಡಿಸ್ಟ್ರಿಬ್ಯೂಟರ್ ತಿರುಗಿಸ್ತಾರ. ಆಗ ಇದ್ದ ದೋಷದ ಜೊತಿಗೆ ಇನ್ನೊಂದು ಕೂಡ್ತದ.

ಗೋಡೆ ಮ್ಯಾಲ ಮೊದಲ ಬರಬೇಕಾದದ್ದು ಪರೀಕ್ಷೆ. ಕಾಯಿಲ್‌ನ (ಬ್ಯಾಟರಿ ಕರೆಂಟನ್ನ ಕಿಡಿ ಹಾರೋಷ್ಟು ಏರಿಸೋದು) ನಡುವಿನ ದಪ್ಪ ವಾಯರನ್ನ ಕ್ಯಾಪಿಂದ ಕಿತ್ತು, ಒಣಗಿದ ರಬ್ಬರ್ ಹಿಡಿಕಿಲೆ ಎಂಜಿನ್ ಬ್ಲಾಕಿಂದ 6 ಮಿಲಿಮೀಟರ್ ದೂರ ಹಿಡೀಬೇಕು. ಹತ್ತಿರ ಪೆಟ್ರೋಲ್ ಸೋರಿರಬಾರ್ದು. ಸ್ಟಾರ್ಟರ್ ಹೊಡೆದಾಗ ನೀಲಿ ಕಿಡಿ ಚಟ್ ಚಟ್ ಅಂತ ಹಾರಿದ್ರ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಸರಿ ಅವ. ದೋಷ ರೋಟರ್ (ಕ್ಯಾಪಿನೊಳಗ ತಿರುಗೋ ತುಂಡು), ಕ್ಯಾಪ್, ಪ್ಲಗ್ ಕಡೆ. ಹಳದಿ ಬಣ್ಣದ ಸಣ್ಣ ಕಿಡಿ ಬಂದ್ರ ಕಂಡೆನ್ಸರ್ ಇಲ್ಲಾ ಕಾಯಿಲ್ ಸೋತದ.

ಕಿಡೀನೇ ಇಲ್ಲಂದ್ರ 12 ವೋಲ್ಟಿನ ಟೆಸ್ಟ್ ಲ್ಯಾಂಪಿನ ಒಂದು ತುದಿ ಕಾಯಿಲ್‌ದಾಗ ಡಿಸ್ಟ್ರಿಬ್ಯೂಟರ್ ಕಡೆ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಎಂಜಿನ್ ತಿರುಗಿದಂಗ ಲ್ಯಾಂಪ್ ಹತ್ತಿ ಆರಿದ್ರ ಪಾಯಿಂಟ್ ಕೆಲಸ ಮಾಡ್ಲಿಕತ್ತದ. ಹತ್ತಿದ್ದು ಹತ್ತಿದಂಗ ಇದ್ರ ಪಾಯಿಂಟ್ ಕೂಡವಲ್ದು, ಇಲ್ಲಾ ಒಳಗಿನ ಸಣ್ಣ ವಾಯರ್ ಹರದದ. ಆ ವಾಯರಿನ ಮ್ಯಾಲಿನ ಕವಚ ನೆಟ್ಟಗೇ ಕಾಣ್ತದ, ಒಳಗ ತಂತಿ ಎಳಿ ತುಂಡಾಗಿರ್ತಾವ. ಪಾಯಿಂಟ್ ಕೂತಿರೋ ವ್ಯಾಕ್ಯೂಮ್ ಪ್ಲೇಟ್ ಸರಿದಾಗ, ಅಂದ್ರ ಎಕ್ಸಲೇಟರ್ ಕೊಟ್ಟಾಗಷ್ಟ ಕಿಡಿ ತಪ್ಪತದ. ಲ್ಯಾಂಪ್ ಹತ್ತೇ ಇಲ್ಲಂದ್ರ ಕಾಯಿಲಿಗೆ ಕರೆಂಟ್ ಬಂದದೇನು ಮೊದಲ ನೋಡ್ಬೇಕು. ಬಂದಿದ್ರ ಕಾಯಿಲ್ ಸುರುಳಿ ಹರದದ, ಪಾಯಿಂಟ್ ತೆರಿವಲ್ದು, ಇಲ್ಲಾ ಕಂಡೆನ್ಸರ್ ಶಾರ್ಟ್ ಆಗ್ಯದ.

ಅಂಬಾಸಡರ್ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪಾಯಿಂಟಿನ ಹೀಲ್ (ಕ್ಯಾಮಿಗೆ ಉಜ್ಜೋ ಭಾಗ) ತಿರುಗೋ ಕ್ಯಾಮಿನ ತುದಿ ಮ್ಯಾಲ ಬಂದಾಗ ಅಳೀಬೇಕು. ಹೀಲ್ ಸವೆದಂಗ ಗ್ಯಾಪ್ ಕಡಿಮಿ ಆಗ್ತದ, ಪಾಯಿಂಟ್ ತಡ ಮಾಡಿ ತೆರಿತದ, ಟೈಮಿಂಗ್ ಹಿಂದ ಬೀಳ್ತದ. ಅದಕ್ಕ ಗ್ಯಾಪ್ ಮೊದಲ, ಟೈಮಿಂಗ್ ಆಮ್ಯಾಲ. ಒಂದು ಪಾಯಿಂಟಿನ ಮುಖದ ಮ್ಯಾಲ ಬೂದಿಬಣ್ಣದ ಗುಬ್ಬಿ (ಉಬ್ಬು), ಎದುರಿನದ್ರಾಗ ಕುಳಿ ಬಿದ್ದಿದ್ರ ಫೀಲರ್ ಗೇಜ್ (ಗ್ಯಾಪ್ ಅಳಿಯೋ ತೆಳು ಪಟ್ಟಿ) ಸುಳ್ಳು ಹೇಳ್ತದ. ಅದು ಗುಬ್ಬಿ ತುದಿ ಅಳೀತದ, ಕುಳಿ ಅಲ್ಲ. ಅಲ್ಲಿ ಪಾಯಿಂಟ್, ಕಂಡೆನ್ಸರ್ ಎರಡೂ ಬದಲಿಸ್ರಿ.

ನೀವು ಕೇಳಿದ ಮಾತು: ‘ಕಿಡಿ ತಪ್ಪೋದು’, ‘ಕಾರ್ಬುರೇಟರ್ ಸಿಡಿತ’, ‘ಸೈಲೆನ್ಸರ್ ಸಿಡಿತ’. ಎಲ್ಲಿ ಸಿಡೀತು ಅನ್ನೋದು ಮಾತಿನಾಗೇ ಬರ್ತದ. ‘ಹಿನ್ನುರಿ’ಯಾಗ ಅದಿಲ್ಲ.

ಬೀದರ್‌ನಿಂದ

ಹಾಗಾದರೆ ಪಾಯಿಂಟ್, ಕಾಯಿಲ್, ಕಂಡೆನ್ಸರ್, ಚಾಲೂ, ಬಂದ್ ಎಲ್ಲವೂ ಇರಲಿ, ಕ್ರಿಯಾಪದ ಮಾತ್ರ ಕನ್ನಡ! ಹೀಗೆಯೇ ಭಾಷೆ ಸವೆಯುವುದು. ಕಿಡಿ ಇದ್ದಲ್ಲಿ ಕಿಡಿಹಂಚುಕ ಯಾಕಾಗದು?

ಯಾದಗಿರಿಯಿಂದ

ಅಂಗಡಿಯಾಗ ‘ಕಿಡಿಹಂಚುಕ ಕೊಡ್ರಿ’ ಅಂದ್ರ ಸಾಮಾನು ಸಿಗಂಗಿಲ್ಲ. ಡಬ್ಬಿ ಮ್ಯಾಲ ಇರೋ ಹೆಸರೇ ಗೋಡೆ ಮ್ಯಾಲೂ ಇರ್ಬೇಕು. ದೋಷದ ಹೆಸರು ಡಬ್ಬಿ ಮ್ಯಾಲ ಇರಂಗಿಲ್ಲ, ಅದನ್ನ ಕನ್ನಡದಾಗ ಧಾರಾಳ ಹೇಳ್ರಿ.

ಕಲಬುರಗಿಯಿಂದ, ಇನ್ನೊಬ್ಬರು

ಬೀದರಿನ ಗುರುಗಳಿಗೆ ಒಂದು ಮಾತು. ಚಾಲೂ, ಬಂದ್, ದುಕಾನ, ಪಗಾರ ಇವು ನಮ್ಮ ಮನಿ ಮಾತು. 1956ರ ತನಕ ಈ ನಾಲ್ಕೂ ಊರು ಹೈದರಾಬಾದ್ ರಾಜ್ಯದಾಗ ಇದ್ವು, ನಿಜಾಮರ ಕಾಲದಾಗ ಕಚೇರಿ ಕಾಗದ ಉರ್ದುದಾಗ ಓಡಾಡ್ತಿದ್ವು. ಹೊಲಕ್ಕ ಹೋಗೋ ಅವ್ವಗೂ ಬರೋ ಮಾತನ್ನ ಸಾಲ ತಂದ ಮಾತು ಅಂದ್ರ ನಮ್ಮ ಕನ್ನಡ ಅರ್ಧ ಕನ್ನಡ ಅಂದಂಗ ಆಯ್ತು. ಅದನ್ನ ಒಪ್ಪಂಗಿಲ್ಲ.

ಬೀದರ್‌ನಿಂದ

ನಾನೂ ಈ ಭಾಗದವನೇ. ಆಡುಮಾತನ್ನು ಬಿಡಿ ಎನ್ನಲಿಲ್ಲ, ಬರಹದಲ್ಲಿ ಆಯ್ಕೆ ಇರಲಿ ಎಂದೆ. ‘ಕಿಡಿ ತಪ್ಪೋದು’ ಎಂದು ಬರೆಸಬೇಡಿ, ‘ಕಿಡಿ ತಪ್ಪುವುದು’ ಎಂದಾದರೂ ಬರೆಸಿ.

ಕಲಬುರಗಿಯಿಂದ

‘ತಪ್ಪುವುದು’ ತಗೊಂಡೆ ಸರ, ಸಿಡಿತ ಎರಡೂ ತಗೊಂಡೆ. ತಲೆಬರಹ ‘ಇಗ್ನಿಷನ್ ದೋಷ’ ಅಂತಲೇ ಇರ್ತದ. ಎರಡೂ ಗಾಡಿಗೆ ಫೈರಿಂಗ್ ಆರ್ಡರ್ (ಸಿಲಿಂಡರಿಗೆ ಕಿಡಿ ಹೋಗೋ ಸರದಿ) 1-3-4-2 ದೊಡ್ಡ ಅಕ್ಷರದಾಗ ಮ್ಯಾಲೇ ಬರೆಸ್ತೀನಿ. ಕೊನೀ ಸಾಲು: ‘ಬಿಸಿಯಾದ ಮೇಲೆ ಬಂದ್ ಬಿದ್ದು, ತಣ್ಣಗಾದ ಮೇಲೆ ಚಾಲೂ ಆದರೆ: ಕಾಯಿಲ್, ಕಂಡೆನ್ಸರ್ ನೋಡಿ.’

ಯಾದಗಿರಿಯಿಂದ

ಆ ಸಾಲಿನಾಗ ಕಂಡೆನ್ಸರ್ ಮೊದಲ ಬರೆಸ್ರಿ. ಕಾಯಿಲಿಗಿಂತ ಅಗ್ಗ, ಒಂದೇ ಸ್ಕ್ರೂ. ಅದನ್ನ ಬದಲಿಸಿದ ಮ್ಯಾಲೂ ಬಂದ್ ಬಿದ್ರ, ತಣ್ಣಗಾಗೂಕಿಂತ ಮುಂಚೆ ಅಲ್ಲೇ ಕಿಡಿ ಪರೀಕ್ಷೆ ಮಾಡ್ಬೇಕು. ಆರಿದ ಮ್ಯಾಲ ಕೆಟ್ಟ ಕಾಯಿಲೂ ಸರಿ ಇದ್ದಂಗ ತೋರಿಸ್ತದ.