14 ಪಾಯಿಂಟ್ ಜಾಸ್ತಿ ಗೆದ್ದೂ ಸೋಲುವುದು ಹೇಗೆ?

ಗೋಣಿಕೊಪ್ಪದವ:

ನಮ್ಮೂರಲ್ಲಿ ಎಲ್ಲರ ಹಾಗೆ ನಾನೂ ಹಾಕಿ ನೋಡುತ್ತಾ ಬೆಳೆದವನು. ಟೆನಿಸ್ ಕಡೆ ತಿರುಗಿದ್ದು 2024ರ ಜನವರಿಯಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ. ಆಮೇಲೆ ಮಗಳೂ ನಾನೂ ಕೂತು ಹಳೇ ಮ್ಯಾಚುಗಳನ್ನೂ ನೋಡುತ್ತಿದ್ದೇವೆ.

ಕಳೆದ ವಾರ 2019ರ ವಿಂಬಲ್ಡನ್ ಫೈನಲ್ ನೋಡಿದೆವು. ಐದು ಗಂಟೆಗೆ ಮೂರೇ ನಿಮಿಷ ಕಮ್ಮಿ. ಕೊನೆಗೆ ಲೆಕ್ಕ ನೋಡಿದರೆ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಕಪ್ ಮಾತ್ರ ಜೊಕೊವಿಚ್ ಕೈಯಲ್ಲಿ! ಮಗಳು ‘ಅಪ್ಪಾ, ಇದು ಅನ್ಯಾಯ ಅಲ್ವಾ?’ ಎಂದಳು. ಹಾಕಿಯಲ್ಲಾದರೆ ಗೋಲು ಜಾಸ್ತಿ ಹೊಡೆದವರೇ ಗೆಲ್ಲುವುದು. ಅವಳಿಗೆ ಏನು ಹೇಳಲಿ?

ಇನ್ನೊಂದು. ಫೆಡರರ್ ಹೆಸರಿನ ಮುಂದೆ ‘ಬ್ರೇಕ್ ಪಾಯಿಂಟ್ 7/13’ ಎಂದಿತ್ತು. ಆ 13 ಎಲ್ಲಿಂದ ಬಂತು? 40-40 ಆದರೆ ಅದೂ ಬ್ರೇಕ್ ಪಾಯಿಂಟೇ?

ಸ್ಕೋರ್ ಬರೆಯುವವಳು, ಮೈಸೂರು:

ಮಕ್ಕಳ ಟೂರ್ನಿಗಳಿಗೆ ಸ್ಕೋರ್ ಬರೆಯುತ್ತೇನೆ. ಸೋತ ಮಕ್ಕಳು ಕಣ್ಣು ಒರೆಸಿಕೊಳ್ಳುತ್ತಾ ಬಂದು ನಿಮ್ಮ ಮಗಳು ಕೇಳಿದ್ದನ್ನೇ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಟೆನಿಸ್‌ನಲ್ಲಿ ಪಾಯಿಂಟ್ ಸೇರಿ ಗೇಮ್, ಗೇಮ್ ಸೇರಿ ಸೆಟ್; ಗೆಲುವು ಹೆಚ್ಚು ಸೆಟ್ ಗೆದ್ದವರಿಗೆ. ಒಂದು ಸೆಟ್ ಮುಗಿದರೆ ಅದರೊಳಗಿನ ಪಾಯಿಂಟುಗಳ ಲೆಕ್ಕ ಅಲ್ಲಿಗೇ ಮುಗಿಯಿತು. ಆ ಫೈನಲ್ ಜೊಕೊವಿಚ್ ಕಡೆಯಿಂದ 7-6, 1-6, 7-6, 4-6, 13-12. ಎರಡನೇ ಸೆಟ್‌ನಲ್ಲಿ ಫೆಡರರ್ ಪಾಯಿಂಟ್ ರಾಶಿ ಹಾಕಿದರು. ಆದರೆ 6-1 ಆದರೂ ಸೆಟ್ ಒಂದೇ, 7-6 ಆದರೂ ಒಂದೇ. ಸೆಟ್ ಸಮವಾದಾಗ ಅದನ್ನು ತೀರ್ಮಾನಿಸಲು ಆಡುವ ಗೇಮೇ ಟೈಬ್ರೇಕ್. ಅಂಥವು ಮೂರು ಆದವು, ಮೂರನ್ನೂ ಜೊಕೊವಿಚ್ ಗೆದ್ದರು.

ಈಗ ಬ್ರೇಕ್ ಪಾಯಿಂಟ್. ಗೇಮಿನೊಳಗೆ 15, 30, 40 ಅಂದರೆ ಒಂದು, ಎರಡು, ಮೂರು ಪಾಯಿಂಟ್. ಆ ಸ್ಕೋರ್ ಹೇಳುವಾಗ ಮೊದಲ ಸಂಖ್ಯೆ ಯಾವಾಗಲೂ ಸರ್ವ್ ಮಾಡುವವರದು. ಇದೊಂದು ಮಗಳಿಗೆ ಹೇಳಿಕೊಡಿ, ಅರ್ಧ ಗೊಂದಲ ಹೋಗುತ್ತದೆ. ಎದುರಿಗಿರುವವರು ಇನ್ನೊಂದೇ ಪಾಯಿಂಟ್ ಗೆದ್ದರೆ ಸರ್ವರ್‌ನ ಗೇಮ್ ಅವರದಾಗುತ್ತದೆ ಅನ್ನುವಾಗ ಆಡುವ ಪಾಯಿಂಟೇ ಬ್ರೇಕ್ ಪಾಯಿಂಟ್. ಅಂದರೆ 0-40, 15-40, 30-40, ಇಲ್ಲವೇ ಅಡ್ವಾಂಟೇಜ್ (40-40 ಆದ ಮೇಲೆ ಒಂದು ಪಾಯಿಂಟ್ ಮುಂದಿರುವುದು) ಎದುರಾಳಿಗೆ ಇದ್ದಾಗ. 40-40ರಲ್ಲಿ ಇನ್ನೂ ಎರಡು ಪಾಯಿಂಟ್ ಬೇಕು, ಹಾಗಾಗಿ ಅದು ಅಲ್ಲ.

ನೀವು ಹಾಕಿಯವರು, ಪೆನಾಲ್ಟಿ ಕಾರ್ನರ್ ನೆನೆಸಿಕೊಳ್ಳಿ. ಎಷ್ಟು ಸಿಕ್ಕವು, ಎಷ್ಟು ಗೋಲಾದವು ಎಂದು ಬೇರೆಬೇರೆ ಬರೆಯುತ್ತಾರಲ್ಲ, ಹಾಗೆಯೇ ಇದು. 13 ಸಿಕ್ಕವು, 7 ಗೆದ್ದರು. ಎಣಿಸುವುದು ಗೇಮ್ ಅಲ್ಲ, ಪಾಯಿಂಟ್. 0-40ರಿಂದ ಸರ್ವರ್ ಮೂರನ್ನೂ ಉಳಿಸಿಕೊಂಡರೆ ಎದುರಾಳಿಯ ಲೆಕ್ಕಕ್ಕೆ 0/3 ಸೇರುತ್ತದೆ. ಮೊದಲನೆಯದು ಉಳಿದು 15-40ರಲ್ಲಿ ಗೇಮ್ ಹೋದರೆ 1/2.

ಜೊಕೊವಿಚ್‌ಗೆ ಸಿಕ್ಕಿದ್ದು 8, ಗೆದ್ದಿದ್ದು 3. ಅದರಲ್ಲಿ ಒಂದು ಯಾವಾಗ ಗೊತ್ತಾ? ಐದನೇ ಸೆಟ್, 8-7, ಫೆಡರರ್ ಸರ್ವ್, 40-15. ಒಂದು ಗೆದ್ದರೂ ಕಪ್ ಸಿಗುವಂಥ ಎರಡು ಮ್ಯಾಚ್ ಪಾಯಿಂಟ್ ಕೈಯಲ್ಲಿತ್ತು. ಎರಡೂ ಹೋದವು, ಗೇಮೂ ಹೋಯಿತು, 8-8. ಅವತ್ತು ಫೆಡರರ್ ಗೆದ್ದ 218ರ ಪಕ್ಕ ಇನ್ನೊಂದು ಸೇರಬೇಕಿತ್ತು, ಆ ಗಳಿಗೆಯಲ್ಲಿ. ನನಗೆ ಈಗಲೂ ಆ ಗೇಮ್ ನೋಡಲು ಆಗುವುದಿಲ್ಲ.

ಎಡಚ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಒಂದು ಮಾತು ಸೇರಿಸುತ್ತೇನೆ, ನಾನು ಎಡಗೈಯಲ್ಲಿ ಆಡುವವನು. ಗೇಮಿನ ಮೊದಲ ಪಾಯಿಂಟ್ ಕೋರ್ಟಿನ ಬಲಭಾಗದಿಂದ ಸರ್ವ್, ಎರಡನೆಯದು ಎಡದಿಂದ, ಹೀಗೆ ಬದಲಾಗುತ್ತದೆ. ಎಣಿಸಿ ನೋಡಿ: 0-40 ಆಗುವುದು ಮೂರು ಪಾಯಿಂಟ್ ಆದ ಮೇಲೆ, 30-40 ಐದಾದ ಮೇಲೆ. ಎರಡರಲ್ಲೂ ಸರ್ವ್ ಎಡಭಾಗದಿಂದ. ಅಡ್ವಾಂಟೇಜ್‌ನಲ್ಲೂ ಅಷ್ಟೇ. ಬಲದಿಂದ ಬರುವುದು 15-40 ಒಂದೇ. ಆ ಎಡಭಾಗದಿಂದಲೇ ಎಡಗೈಯವರ ತಿರುಗುವ ಸರ್ವ್, ಬಲಗೈ ಆಟಗಾರರನ್ನು ಬ್ಯಾಕ್‌ಹ್ಯಾಂಡ್ ಕಡೆ ಕೋರ್ಟಿನ ಆಚೆಗೆ ಎಳೆದುಬಿಡುತ್ತದೆ. ಎಡಗೈಯ ನಡಾಲ್ ಕಷ್ಟದಲ್ಲಿದ್ದಾಗ ಎಷ್ಟು ಸಲ ಅದನ್ನೇ ಹಾಕಿದ್ದಾರೆ ನೋಡಿ.

ಡಬಲ್ಸ್ ಪ್ರೇಮಿ:

40-40 ಬಗ್ಗೆ ಒಂದು ತಿದ್ದುಪಡಿ. ಎಟಿಪಿ ಟೂರಿನ (ಪುರುಷರ ವೃತ್ತಿಪರ ಟೂರ್ನಿಗಳ ಸರಣಿ) ಡಬಲ್ಸ್‌ನಲ್ಲಿ ಅಡ್ವಾಂಟೇಜ್ ಇಲ್ಲ. 40-40 ಆದರೆ ಒಂದೇ ಪಾಯಿಂಟ್, ಗೆದ್ದವರಿಗೆ ಗೇಮ್. ಯಾವ ಕಡೆ ಸರ್ವ್ ಬರಬೇಕು ಅನ್ನುವುದನ್ನೂ ಎದುರಾಳಿ ಜೋಡಿಯೇ ಆರಿಸುತ್ತದೆ. ಅಲ್ಲಿ ಅದು ಖಂಡಿತ ಬ್ರೇಕ್ ಪಾಯಿಂಟ್. ಬೋಪಣ್ಣ ಗೆದ್ದ ಫೈನಲ್ ಗ್ರ್ಯಾಂಡ್ ಸ್ಲಾಮ್ (ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲೊಂದು) ಆದ್ದರಿಂದ ಅಲ್ಲಿ ಹಳೇ ಲೆಕ್ಕವೇ ಇತ್ತು. ಬೋಪಣ್ಣ ಮತ್ತು ಜೊತೆಗಾರ ಎಬ್ಡೆನ್ 7-6, 7-5ರಲ್ಲಿ ಗೆದ್ದರು. ಎರಡನೇ ಸೆಟ್ ಮತ್ತೆ ನೋಡಿ, 5-5ರಲ್ಲಿ ಎದುರಾಳಿ ಇಟಲಿ ಜೋಡಿಯ ಸರ್ವ್ ಬ್ರೇಕ್ ಆಗುತ್ತದೆ. ಕಪ್ ಬಂದಿದ್ದು ಆ ಗೇಮಿನಿಂದ.

ಗೋಣಿಕೊಪ್ಪದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಆ 5-5ರ ಗೇಮ್ ಮತ್ತೆ ಹಾಕಿದೆವು. ಮೊದಲ ಸಲ ನೋಡಿದಾಗ ನನಗೆ ಅದು ಇನ್ನೊಂದು ಗೇಮ್ ಅಷ್ಟೇ ಆಗಿತ್ತು. ಈ ಸಲ ಇಬ್ಬರೂ ಕುರ್ಚಿಯ ತುದಿಗೆ ಬಂದು ಕೂತಿದ್ದೆವು. ಮಗಳು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು, ‘ಸಿಕ್ಕಿದ್ದು’, ‘ಗೆದ್ದಿದ್ದು’ ಎಂದು ಬರೆದುಕೊಂಡಿದ್ದಾಳೆ. ಟೈಬ್ರೇಕ್‌ನಲ್ಲಿ ಬ್ರೇಕ್ ಪಾಯಿಂಟ್ ಹೇಗೆ ಬರೆಯಬೇಕು ಎಂದು ಈಗಲೇ ಕೇಳುತ್ತಿದ್ದಾಳೆ. ಮೈಸೂರಿನ ಮೇಡಂ, ಅದನ್ನೂ ಬಿಡುವಾದಾಗ ಹೇಳಿಕೊಡಿ.