ಪದಚರ್ಚೆ: ‘ಕಸ್ಟಮೈಸ್ ಕೀಪ್ಯಾಡ್ ಬಟನ್ಸ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ.

ಒಂದು ಟರ್ಮಿನಲ್ ಎಮ್ಯುಲೇಟರ್ ತಂತ್ರಾಂಶದ ಸಹಾಯ ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುಕ್ಕಾಲು ಪಾಲು ಮುಗಿದಿದೆ. ಒಂದು ತಲೆಬರಹದ ಹತ್ತಿರ ನಿಂತು ನಾಲ್ಕು ದಿನ ಆಯಿತು. ಇರುವುದು ಮೂರೇ ಪದ: ಕಸ್ಟಮೈಸ್ ಕೀಪ್ಯಾಡ್ ಬಟನ್ಸ್. ಇವಕ್ಕೆ ಕನ್ನಡದಲ್ಲಿ ಪದ ಇಲ್ಲ ಅಂತಲ್ಲ. ಜಾಸ್ತಿಯೇ ಇವೆ. ಯಾವುದನ್ನು ಹಾಕಿದರೆ ಓದುವವರ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತದೆ ಅನ್ನುವುದು ಗೊತ್ತಾಗುತ್ತಿಲ್ಲ.

ಇಂಥ ತಂತ್ರಾಂಶ ಬಳಸದವರಿಗಾಗಿ ಎರಡು ಮಾತು. ಹಿಂದೆ ಟರ್ಮಿನಲ್ ಅಂದರೆ ಪರದೆ, ಕೀಲಿಮಣೆ ಎರಡೂ ಇದ್ದ ಒಂದು ಪೆಟ್ಟಿಗೆ. ನಿಜವಾದ ಕಂಪ್ಯೂಟರ್ ಬೇರೆಲ್ಲೋ ಇರುತ್ತಿತ್ತು. ಐಬಿಎಂನ 3270 ಬಂದದ್ದು 1971ರಲ್ಲಿ. ಡಿಇಸಿ ಕಂಪನಿಯ ವಿಟಿ100 ಬಂದದ್ದು 1978ರಲ್ಲಿ. ಪೆಟ್ಟಿಗೆಗಳು ಹೋದವು, ಅವುಗಳ ನಡವಳಿಕೆ ಉಳಿದುಕೊಂಡಿತು. ಈಗಿನ ಎಮ್ಯುಲೇಟರ್ ನಮ್ಮ ಲ್ಯಾಪ್‌ಟಾಪನ್ನೋ ಫೋನನ್ನೋ ಆ ಹಳೆಯ ಪೆಟ್ಟಿಗೆಯ ಹಾಗೆ ನಡೆಸುತ್ತದೆ. ಆದರೆ ಆ ಪೆಟ್ಟಿಗೆಯಲ್ಲಿದ್ದ ಎಷ್ಟೋ ಕೀಲಿಗಳು ಈಗ ನಮ್ಮ ಕೈಯಲ್ಲಿಲ್ಲ. 3270ಕ್ಕೆ ಪಿಎಫ್ (ಪ್ರೋಗ್ರಾಂ ಫಂಕ್ಷನ್) ಅನ್ನುವ ಕೀಲಿಗಳು, ಪಿಎಫ್1ರಿಂದ ಪಿಎಫ್24ರವರೆಗೆ ಬೇಕು. ಪಿಎ1, ಪಿಎ2, ಪಿಎ3, ಕ್ಲಿಯರ್, ರೀಸೆಟ್ ಬೇಕು. ಫೋನಿನ ಮಾಮೂಲಿ ಕೀಲಿಮಣೆಯಲ್ಲಂತೂ ಕಂಟ್ರೋಲ್, ಎಸ್ಕೇಪ್, ಟ್ಯಾಬ್ ಕೂಡ ಕಾಣುವುದಿಲ್ಲ. ಹಾಗಾಗಿ ಪರದೆಯ ಅಂಚಿನಲ್ಲಿ ಒಂದೆರಡು ಸಾಲು ಬಟನ್‌ಗಳನ್ನು ಕೊಟ್ಟಿರುತ್ತಾರೆ. ಯಾವ ಬಟನ್ ಇರಬೇಕು, ಅದರ ಮೇಲೆ ಏನು ಬರೆದಿರಬೇಕು, ಮುಟ್ಟಿದರೆ ಏನು ಹೋಗಬೇಕು ಅನ್ನುವುದನ್ನು ಬಳಸುವವರೇ ತೀರ್ಮಾನಿಸಬಹುದು. ನನ್ನ ತಲೆಬರಹ ಆ ಕೆಲಸದ್ದು.

ಮೊದಲು ‘ಬಟನ್’ ಮತ್ತು ‘ಕೀ’. ಸುಮ್ನೆ ಮಾತಾಡುವಾಗ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಕೀ ಒತ್ತು, ಬಟನ್ ಒತ್ತು, ಎರಡೂ ನಡೆಯುತ್ತದೆ. ಇಲ್ಲಿ ಮಾತ್ರ ಅವನ್ನು ಬೇರೆ ಮಾಡಲೇಬೇಕು. ಪರದೆಯ ಮೇಲೆ ಕಾಣುವುದು ಒಂದು. ಅದನ್ನು ಮುಟ್ಟಿದಾಗ ಆಚೆ ಕಡೆಗೆ ಹೋಗುವುದು ಇನ್ನೊಂದು. ಮೇಲ್ಮುಖ ಬಾಣದ ಬಟನ್ ಮುಟ್ಟಿದರೆ ಸಾಮಾನ್ಯವಾಗಿ ಮೂರು ಸಂಕೇತ ಹೋಗುತ್ತವೆ: ಎಸ್ಕೇಪ್, ಚೌಕ ಆವರಣದ ಎಡಭಾಗ, ದೊಡ್ಡಕ್ಷರದ ಎ. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಇಟ್ಟುಕೊಂಡಿರುವ ಸಂಖ್ಯೆಯಲ್ಲಿ ಹೇಳಿದರೆ 27, 91, 65. ಕಂಟ್ರೋಲ್ ಜೊತೆ ಸಿ ಒತ್ತಿದರೆ ಹೋಗುವುದು ಬರೀ 3. ಸಿ ಅಕ್ಷರದ ಸಂಖ್ಯೆ 67, ಅದರಲ್ಲಿ 64 ಕಳೆದರೆ 3. ಆ ಬಟನ್ನಿನ ಮೇಲೆ ನೀವು ‘ನಿಲ್ಲಿಸು’ ಅಂತ ಬರೆದುಕೊಂಡರೂ ಹೋಗುವುದು 3 ತಾನೇ?

ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅನ್ನುವ ಟರ್ಮಿನಲ್ ಎಮ್ಯುಲೇಟರ್ ಬಳಸಿದವರಿಗೆ ಈ ಭೇದ ಗೊತ್ತಿರುತ್ತದೆ. ಅದರಲ್ಲಿ ಬಟನ್‌ಗಳನ್ನು ಒಂದು ಪುಟ್ಟ ಸೆಟ್ಟಿಂಗ್ ಫೈಲಿನಲ್ಲಿ ಬರೆಯಬೇಕು. ಹೋಗುವುದಕ್ಕೆ ‘ಕೀ’ ಅನ್ನುವ ಹೆಸರು, ಕಾಣುವುದಕ್ಕೆ ‘ಡಿಸ್ಪ್ಲೇ’ ಅನ್ನುವ ಹೆಸರು. ಒಂದರ ಹಿಂದೆ ಒಂದು ಹಲವು ಕೀಲಿ ಹೋಗಬೇಕಾದರೆ ‘ಮ್ಯಾಕ್ರೋ’. ಹಾಗಾಗಿ ನನ್ನ ಸಲಹೆ ಇಷ್ಟು: ಹೋಗುವುದಕ್ಕೆ ‘ಕೀಲಿ’, ಕಾಣುವುದಕ್ಕೆ ‘ಬಟನ್’. ಎಲ್ಲ ಸಹಾಯ ಪುಟಗಳಲ್ಲೂ ಒಂದರ ಜಾಗಕ್ಕೆ ಇನ್ನೊಂದು ಬರಕೂಡದು. ‘ಈ ಬಟನ್ ಯಾವ ಕೀಲಿ ಕಳಿಸಬೇಕು?’ ಅಂತ ಬರೆದಾಗ ವಿಷಯ ಎಷ್ಟು ಬೇಗ ತಿಳಿಯುತ್ತದೆ ನೋಡಿ.

‘ಬಟನ್ ಯಾಕೆ, ಗುಂಡಿ ಇದೆಯಲ್ಲ’ ಅಂತ ಕೇಳುತ್ತೀರಿ. ನಾನೂ ಮೊದಲು ಗುಂಡಿ ಅಂತಲೇ ಬರೆದಿದ್ದೆ. ನನಗೆ ಇಷ್ಟವಾದ ಪದ ಅದು. ಅಂಗಿಗೂ ಗುಂಡಿ, ರಸ್ತೆಗೂ ಗುಂಡಿ ಅನ್ನುವುದು ಅಷ್ಟು ದೊಡ್ಡ ತೊಂದರೆಯಲ್ಲ, ಸಂದರ್ಭ ನೋಡಿ ಜನ ಅರ್ಥ ಮಾಡಿಕೊಳ್ಳುತ್ತಾರೆ. ತೊಂದರೆ ಬಂದದ್ದು ಕ್ರಿಯಾಪದಗಳಿಂದ. ಬಟನ್ ಬೇಡವಾದರೆ ‘ಗುಂಡಿ ತೆಗೆಯಿರಿ’ ಅಂತ ಬರೆದೆ. ಅದಕ್ಕೆ ನೆಲ ಅಗೆಯಿರಿ ಅನ್ನುವ ಅರ್ಥವೂ ಬಂತು, ಅಂಗಿ ಬಿಚ್ಚಿ ಅನ್ನುವ ಅರ್ಥವೂ ಬಂತು. ಕಾಣದಂತೆ ಮಾಡುವುದಕ್ಕೆ ‘ಗುಂಡಿ ಮುಚ್ಚಿ’. ಹೊಸದು ಸೇರಿಸುವುದಕ್ಕೆ ‘ಗುಂಡಿ ಹಾಕಿ’. ಈ ಪುಟದಲ್ಲಿ ಮುಖ್ಯವಾಗಿ ಇರುವುದೇ ಈ ಮೂರು ಕೆಲಸ. ಸೇರಿಸಿ, ಅಳಿಸಿ, ಅಡಗಿಸಿ ಅಂತ ಕ್ರಿಯಾಪದ ಬದಲಿಸಿ ನೋಡಿದೆ. ಆದರೂ ಓದುವಾಗ ಹಳೆಯ ಅರ್ಥವೇ ಬಂದು ನಿಲ್ಲುತ್ತದೆ. ‘ಒತ್ತುಗುಂಡಿ’ ಅಂದರೆ ಗೊಂದಲ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಬೆರಳಗಲದ ಜಾಗದಲ್ಲಿ, ಒಂದೇ ಸಾಲಿನಲ್ಲಿ ಮೂರು ಸಲ ಬಂದರೆ ಭಾರ ಅನಿಸುತ್ತದೆ. ಬಟನ್ ಅನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಪದ ಅಲ್ವಾ?

‘ಕೀಲಿ’ ವಿಷಯದಲ್ಲೂ ಒಂದು ತೊಡಕಿದೆ. ಇದೇ ತಂತ್ರಾಂಶದಲ್ಲಿ ಎಸ್‌ಎಸ್‌ಹೆಚ್ ಮೂಲಕ ಬೇರೆ ಕಂಪ್ಯೂಟರಿಗೆ ಹೋಗುವ ಸೌಲಭ್ಯ ಇದೆ. ಅದಕ್ಕೆ ಬೇಕಾದ ಗುಟ್ಟಿನ ಫೈಲನ್ನೂ ಇಂಗ್ಲಿಷಿನಲ್ಲಿ ‘ಕೀ’ ಅಂತಲೇ ಕರೆಯುತ್ತಾರೆ. ಒಂದೇ ಮೆನುವಿನಲ್ಲಿ ಎರಡು ‘ಕೀಸ್’. ಇಲ್ಲಿ ನಮಗೆ ಅನುಕೂಲ ಜಾಸ್ತಿ. ಬಾಗಿಲು ತೆರೆಯುವುದಕ್ಕೆ ‘ಕೀಲಿಕೈ’, ಬೆರಳಿನಿಂದ ಒತ್ತುವುದಕ್ಕೆ ‘ಕೀಲಿ’. ಈ ಎರಡನ್ನು ಹೀಗೆ ಗಟ್ಟಿ ಮಾಡಿಬಿಡೋಣ ಅಂತ ನನ್ನ ಆಸೆ. ಮ್ಯಾಕ್ರೋಗೆ ‘ಕೀಲಿಗೊಂಚಲು’ ಅಂತ ಒಬ್ಬರು ಸೂಚಿಸಿದ್ದರು. ಚೆಂದ ಇದೆ. ಆದರೆ ಗೊಂಚಲಿಗೆ ಮೊದಲು, ಆಮೇಲೆ ಅಂತ ಇಲ್ಲ. ಮ್ಯಾಕ್ರೋದಲ್ಲಿ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಅದಕ್ಕೆ ‘ಕೀಲಿಸರ’ ಸರಿ ಅನಿಸುತ್ತದೆ. ಸರದಲ್ಲಿ ಮಣಿಗಳು ಒಂದರ ಹಿಂದೆ ಒಂದು ಇರುತ್ತವೆ.

‘ಕೀಪ್ಯಾಡ್’ ಅನ್ನು ಹಾಗೇ ಬಿಡೋಣ ಅಂದರೆ ಕನ್ನಡದಲ್ಲಿ ಅದಕ್ಕೆ ಆಗಲೇ ಬೇರೆ ಕೆಲಸ ಸಿಕ್ಕಿದೆ. ‘ಕೀಪ್ಯಾಡ್ ಮೊಬೈಲ್’ ಅಂದರೆ ಟಚ್ ಇಲ್ಲದ ಫೋನು. ಪರದೆಯ ಮೇಲೆ ಚಿತ್ರವಾಗಿ ಮಾತ್ರ ಇರುವ ಬಟನ್‌ಗಳಿಗೆ ಅದೇ ಪದ ಹಾಕಿದರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ. ಟರ್ಮಿನಲ್ ಲೋಕದಲ್ಲೂ ಕೀಪ್ಯಾಡ್‌ಗೆ ಹಳೆಯ ಅರ್ಥ ಒಂದಿದೆ. ವಿಟಿ100ರ ಬಲಗಡೆ ಅಂಕಿಗಳ ಪುಟ್ಟ ಗುಂಪು ಇತ್ತು, ಅದರ ಮೇಲಿನ ಸಾಲಿನಲ್ಲಿ ಪಿಎಫ್1ರಿಂದ ಪಿಎಫ್4. ತಂತ್ರಾಂಶಗಳು ಆ ಗುಂಪನ್ನು ಬೇರೆ ರೀತಿಯಲ್ಲಿ ಬಳಸುವುದಕ್ಕೆಂದೇ ‘ಕೀಪ್ಯಾಡ್ ಮೋಡ್’ ಅನ್ನುವುದಿದೆ. ನನ್ನ ಪುಟದಲ್ಲಿ ಅದೂ ಬರುತ್ತದೆ. ಅಂಕಿಗಳ ಗುಂಪಿಗೆ ‘ಅಂಕಿಮಣೆ’ ಅನ್ನಬಹುದು. ಕೀಲಿಮಣೆ ಇದೆ, ಚೆನ್ನೆಮಣೆ ಇದೆ, ಹಾಗಾಗಿ ‘ಮಣೆ’ ಸಹಜವಾಗಿ ಕೂರುತ್ತದೆ. ಪರದೆಯ ಮೇಲಿನದಕ್ಕೆ ‘ಬಟನ್ ಪಟ್ಟಿ’ ಅಂತ ಬರೆದು ಹೊಡೆದುಹಾಕಿದೆ, ಬಟನ್‌ಗಳ ಹೆಸರು ಬರೆದ ಲಿಸ್ಟ್ ಅನಿಸುತ್ತದೆ. ‘ಬಟನ್ ಸಾಲು’ ಫೋನಿಗೆ ಸರಿ. ಟರ್ಮಕ್ಸ್‌ನಲ್ಲಿ ಮೊದಲಿಗೆ ಬರುವುದು ಏಳೇಳು ಬಟನ್‌ಗಳ ಎರಡು ಸಾಲು ತಾನೇ. ಆದರೆ ಕೆಲವು 3270 ಎಮ್ಯುಲೇಟರ್‌ಗಳಲ್ಲಿ ಅದು ಬೇರೆಯೇ ಕಿಟಕಿಯಾಗಿ, ನಾಲ್ಕಾರು ಸಾಲಿನ ಚೌಕವಾಗಿ ತೆರೆದುಕೊಳ್ಳುತ್ತದೆ. ಅದಕ್ಕೂ ಇದಕ್ಕೂ ಸೇರಿ ‘ಬಟನ್‌ಮಣೆ’ ಅನ್ನಬಹುದೇ? ಇಂಗ್ಲಿಷ್ ಪದಕ್ಕೆ ‘ಮಣೆ’ ಅಂಟಿಸಿದ್ದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಅಂತ ದಯವಿಟ್ಟು ತಿಳಿಸಿ.

ಈಗ ನನ್ನನ್ನು ನಿಜವಾಗಿ ಕಾಡಿದ ಪದ: ಕಸ್ಟಮೈಸ್.

ಕೆಲವು ಆಪ್‌ಗಳಲ್ಲಿ ‘ಗ್ರಾಹಕೀಯಗೊಳಿಸಿ’ ಅಂತ ಇರುತ್ತದೆ. ಇದು ಕಸ್ಟಮರ್ ಅನ್ನುವ ಪದವನ್ನು ಹಿಡಿದುಕೊಂಡು ಮಾಡಿದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರು ಒಂದೇ, ರೂಢಿ ಅನ್ನುವ ಅರ್ಥದ ಕಸ್ಟಮ್. ಆದರೆ ಬಟನ್ ಬದಲಿಸುವಾಗ ಇಲ್ಲಿ ಗ್ರಾಹಕ ಯಾರೂ ಇಲ್ಲ. ಇದನ್ನು ಓದಿದ ಕನ್ನಡಿಗರಿಗೆ ಮುಂದೆ ಏನು ಮಾಡಬೇಕು ಅನ್ನುವುದು ಖಂಡಿತ ಹೊಳೆಯುವುದಿಲ್ಲ. ‘ಕಸ್ಟಮೈಸ್ ಮಾಡಿ’ ಅಂದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಅದೂ ಇಲ್ಲ. ‘ಹೊಂದಿಸಿ’ ಅನ್ನುವುದನ್ನು ಸೆಟ್ಟಿಂಗ್‌ಗೆ ಆಗಲೇ ಬಳಸಿಬಿಟ್ಟಿದ್ದೇನೆ.

ಇದನ್ನೆಲ್ಲ ಯೋಚಿಸುತ್ತಾ ನಾವು ದಿನಾ ಆಡುವ ಮಾತನ್ನೇ ಗಮನಿಸಿದೆ. ‘ಅಂಗಿ ಹೊಲಿಸಿದೆ’ ಅಂದರೆ ಯಾರಿಗೋ ಹೊಲಿಸಿರಬಹುದು. ‘ಅಂಗಿ ಹೊಲಿಸಿಕೊಂಡೆ’ ಅಂದರೆ ಅದು ನನಗೆ, ನನ್ನ ಅಳತೆಗೆ. ಬರೆ, ಬರೆದುಕೋ. ಕಟ್ಟು, ಕಟ್ಟಿಕೋ. ಬದಲಿಸು, ಬದಲಿಸಿಕೋ. ‘ತನಗಾಗಿ’ ಅನ್ನುವ ಅರ್ಥವನ್ನು ನಮ್ಮ ‘ಕೊಳ್ಳು’ ಸದ್ದಿಲ್ಲದೆ ತಂದುಕೊಡುತ್ತದೆ. ಕಸ್ಟಮೈಸ್ ಅನ್ನುವ ಪದ ಹೇಳಲು ಹೊರಟಿರುವುದೂ ಅದನ್ನೇ. ಹೊಸ ನಾಮಪದ ಹುಡುಕಿ ಅದಕ್ಕೆ ‘ಗೊಳಿಸು’ ಅಂಟಿಸುವ ಅಗತ್ಯವೇ ಇರಲಿಲ್ಲ. ‘ಬಟನ್ ಬದಲಿಸಿ’ ಅಂದರೆ ಕೆಟ್ಟದ್ದನ್ನು ತೆಗೆದು ಬೇರೆ ಹಾಕಿ ಅನ್ನುವ ಹಾಗಿದೆ. ‘ಬಟನ್‌ಗಳನ್ನು ಬೇಕಾದಂತೆ ಬದಲಿಸಿಕೊಳ್ಳಿ’ ಅಂದರೆ ಕೆಲಸ ಯಾರದ್ದು, ಯಾರಿಗಾಗಿ ಅನ್ನುವುದೆಲ್ಲ ತಿಳಿಯುತ್ತದೆ.

ಇದಕ್ಕಿಂತ ಚಿಕ್ಕದಾಗಿ ಇನ್ನೊಂದು ಸಿಕ್ಕಿತು: ‘ಒಗ್ಗಿಸಿಕೊಳ್ಳಿ’. ಕೈಗೆ ಒಗ್ಗಿದ ಪೆನ್ನು ಅನ್ನುತ್ತೇವೆ. ಬಟನ್ ಇರುವುದೂ ಬೆರಳಿಗಾಗಿ, ಹಾಗಾಗಿ ಈ ಪದ ನನಗೆ ಬಹಳ ಹಿಡಿಸಿತು. ಒಂದೇ ಅಳುಕು ಏನೆಂದರೆ, ಅದು ಎರಡೂ ಕಡೆಗೆ ತಿರುಗುತ್ತದೆ. ‘ಹೊಸ ಕೀಲಿಮಣೆಗೆ ಕೈ ಒಗ್ಗಿಸಿಕೊಂಡೆ’ ಅಂದರೆ ಬದಲಾದವಳು ನಾನು. ‘ಕೀಲಿಮಣೆಯನ್ನು ಕೈಗೆ ಒಗ್ಗಿಸಿಕೊಂಡೆ’ ಅಂದರೆ ಬದಲಾದದ್ದು ಕೀಲಿಮಣೆ. ವಿಭಕ್ತಿ ಇದ್ದರೆ ಗೊಂದಲ ಇಲ್ಲ. ಮೆನುವಿನಲ್ಲಿ ಬರೀ ‘ಒಗ್ಗಿಸಿಕೊಳ್ಳಿ’ ಅಂತ ಇದ್ದರೆ, ಇದ್ದ ಹಾಗೇ ಅಭ್ಯಾಸ ಮಾಡಿಕೊಳ್ಳಿ ಅನ್ನುವ ಅರ್ಥ ಬರಬಹುದು. ಅದು ನಾವು ಹೇಳಬೇಕಾದ್ದಕ್ಕೆ ನೇರ ವಿರುದ್ಧ. ಹಾಗಾಗಿ ‘ಕೈಗೆ’ ಅನ್ನುವುದನ್ನು ಬಿಡುವ ಹಾಗಿಲ್ಲ.

ಒತ್ತುವುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಕರಡು ಪುಟವನ್ನು ಒಬ್ಬ ಗೆಳತಿಗೆ ಕೊಟ್ಟು, ಇದರಂತೆ ಮಾಡಿ ನೋಡು ಅಂದಿದ್ದೆ. ‘ಕಂಟ್ರೋಲ್ ಒತ್ತಿ ಹಿಡಿದು ಸಿ ಒತ್ತಿ’ ಅಂತ ಬರೆದಿದ್ದೆ. ಮೇಜಿನ ಮೇಲಿನ ಕೀಲಿಮಣೆಗೆ ಅದು ಸರಿಯಾದ ಮಾತು. ಆಕೆ ಪರದೆಯ ಮೇಲಿನ ಕಂಟ್ರೋಲ್ ಬಟನ್ ಮೇಲೆ ಹೆಬ್ಬೆರಳು ಇಟ್ಟು ಹಿಡಿದುಕೊಂಡಳು. ಈ ತಂತ್ರಾಂಶದಲ್ಲಿ ಬಟನ್ ಒತ್ತಿ ಹಿಡಿದರೆ ತಿದ್ದುವ ಕಿಟಕಿ ತೆರೆಯುತ್ತದೆ. ಸಿ ಅಕ್ಷರ ಹೋಗಿ ಹೆಸರಿನ ಜಾಗದಲ್ಲಿ ಬಿತ್ತು. ಈಗ ಕಂಟ್ರೋಲ್ ಬಟನ್ನಿನ ಹೆಸರು ‘ಸಿ’. ಅವಳು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. ಆಮೇಲೆ ಎಲ್ಲ ಕಡೆ ‘ಕಂಟ್ರೋಲ್ ತಟ್ಟಿ, ಆಮೇಲೆ ಸಿ ತಟ್ಟಿ’ ಅಂತ ಮಾಡಿದೆ. ಒಮ್ಮೆ ತಟ್ಟಿದರೆ ಕಂಟ್ರೋಲ್ ಬಣ್ಣ ಬದಲಿಸಿಕೊಂಡು ಮುಂದಿನ ಕೀಲಿಗಾಗಿ ಕಾಯುತ್ತದೆ. ಆ ಸ್ಥಿತಿಗೆ ಇಂಗ್ಲಿಷಿನಲ್ಲಿ ಅಂಟು ಅನ್ನುವ ಅರ್ಥದ ‘ಸ್ಟಿಕಿ’ ಇದೆ. ನಮ್ಮಲ್ಲಿ ಬರೆದಿಡು, ಎತ್ತಿಡು ಇದ್ದ ಹಾಗೆ ‘ಒತ್ತಿಡು’ ಅನ್ನಬಹುದಲ್ಲ? ‘ಒತ್ತಿಟ್ಟ ಕಂಟ್ರೋಲ್’. ‘ಒತ್ತೆ ಇಟ್ಟ’ ಅಂತ ಕೇಳಿಸುತ್ತದೆಯೇ ಅನ್ನುವುದಷ್ಟೇ ಅನುಮಾನ.

ಕೀಲಿಗಳ ಹೆಸರನ್ನು ಅನುವಾದಿಸುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೋಮ್ ಅನ್ನು ‘ಮನೆ’, ಎಸ್ಕೇಪ್ ಅನ್ನು ‘ಪಾರಾಗು’ ಅಂದರೆ ಯಾರಿಗೂ ಉಪಯೋಗವಿಲ್ಲ. ಎಂಟರ್ ಅನ್ನು ‘ನಮೂದಿಸು’ ಅನ್ನುವುದಂತೂ 3270ರಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಎಂಟರ್ ಒತ್ತಿದಾಗ, ಪರದೆಯಲ್ಲಿ ಅದುವರೆಗೆ ತುಂಬಿದ್ದೆಲ್ಲ ಒಟ್ಟಿಗೆ ಆಚೆಯ ಕಂಪ್ಯೂಟರಿಗೆ ಹೋಗುತ್ತದೆ. ಮುಂದಿನ ಸಾಲಿಗೆ ಇಳಿಯುವುದಕ್ಕೆ ನ್ಯೂಲೈನ್ ಅನ್ನುವ ಬೇರೆ ಕೀಲಿ ಇದೆ, ಅದು ಏನನ್ನೂ ಕಳಿಸುವುದಿಲ್ಲ. ರೀಸೆಟ್ ಕೂಡ ಹೀಗೇ. 3270ರಲ್ಲಿ ಅದು ಬೀಗ ಬಿದ್ದ ಕೀಲಿಮಣೆಯನ್ನು ಬಿಡಿಸುವ ಕೀಲಿ. ನನ್ನ ಪುಟದಲ್ಲಿ ಬಟನ್‌ಗಳನ್ನೆಲ್ಲ ಹಳೆಯ ಸ್ಥಿತಿಗೆ ತರುವುದಕ್ಕೂ ಇಂಗ್ಲಿಷಿನಲ್ಲಿ ‘ರೀಸೆಟ್’ ಅಂತಲೇ ಇದೆ. ಕೀಲಿಗೆ ರೀಸೆಟ್ ಅಂತಲೇ ಬಿಟ್ಟು, ಇದಕ್ಕೆ ‘ಮೊದಲಿದ್ದಂತೆ ಮಾಡಿ’ ಅಂತ ಹಾಕಿದ್ದೇನೆ.

ಸದ್ಯಕ್ಕೆ ನನ್ನ ಕರಡಿನಲ್ಲಿ ತಲೆಬರಹ ಹೀಗಿದೆ: ‘ಬಟನ್‌ಮಣೆಯನ್ನು ಕೈಗೆ ಒಗ್ಗಿಸಿಕೊಳ್ಳಿ’. ಅದರ ಕೆಳಗಿನ ಮೊದಲ ಸಾಲುಗಳು: ‘ಬದಲಿಸಬೇಕಾದ ಬಟನ್ ಒತ್ತಿ ಹಿಡಿಯಿರಿ. ಕಿಟಕಿ ತೆರೆದ ಮೇಲೆ, ಬಟನ್ ಮೇಲೆ ಕಾಣಬೇಕಾದ ಹೆಸರನ್ನು ಬರೆಯಿರಿ. ಅದು ಕಳಿಸಬೇಕಾದ ಕೀಲಿಯನ್ನು ಅಥವಾ ಕೀಲಿಸರವನ್ನು ಆರಿಸಿ.’

ಇದನ್ನು ಓದಿ ಎಲ್ಲಿ ತಡೆಯಿತು ಅಂತ ಹೇಳಿ. ಒಳ್ಳೆಯ ಪದ ಗೊತ್ತಿದ್ದರೆ ಅದನ್ನು ಇದೇ ಸಾಲುಗಳೊಳಗೆ ಇಟ್ಟು ಬರೆದು ಕಳಿಸಿದರೆ ಇನ್ನೂ ಅನುಕೂಲ. ಬಿಡಿಯಾಗಿ ನೋಡಿದಾಗ ಚೆನ್ನಾಗಿ ಕಂಡ ಎಷ್ಟೋ ಪದಗಳು ವಾಕ್ಯದಲ್ಲಿ ಇಟ್ಟಾಗ ನನ್ನ ಕೈಕೊಟ್ಟಿವೆ.